ಪಂಪ್ ಹೋಗಿಲ್ಲ ಮಾರಾಯ್ರೆ, ನೀರು ಕುಡಿಸಿದ್ದೀರಿ

ಇವತ್ತು ಬೆಳಿಗ್ಗೆ ಕೊಡಗಿನ ಗೋಣಿಕೊಪ್ಪದ ಒಂದು ವರ್ಕ್‌ಶಾಪ್ ಮುಂದೆ ಬಾನೆಟ್ ಎತ್ತಿಕೊಂಡು ಒಂದು ಪಿಕಪ್ ನಿಂತಿತ್ತು. ಹಿಂದೆ ರೋಬಸ್ಟಾ ಕಾಫಿ ಚೆರಿ ಚೀಲ ಲೋಡ್ ಆಗಿದ್ದು ಹಾಗೇ ಇದೆ, ಹಗ್ಗ ಕೂಡ ಬಿಚ್ಚಿಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಲಿಲ್ಲ, ಫಿಲ್ಟರ್ ಮುಟ್ಟಲಿಲ್ಲ. ಮೂರು ಸಲ ಸೆಲ್ಫ್ ಹೊಡೆಸಿ ತೀರ್ಪು ಕೊಟ್ಟೇಬಿಟ್ಟ: "ಅಣ್ಣ, ಪಂಪ್ ಹೋಗಿದೆ." ಅಂದರೆ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಇಂಜಿನ್‌ಗೆ ಕಳಿಸೋ ಹೈ ಪ್ರೆಶರ್ ಪಂಪ್. ಓನರ್ ತಲೆ ಮೇಲೆ ಕೈ ಇಟ್ಟುಕೊಂಡು, "ಈ ಹೊಸ ಗಾಡಿಗಳ ಹಣೆಬರಹವೇ ಇಷ್ಟು" ಅಂದರು. ಮುಗೀತು. ಪೋಸ್ಟ್‌ಮಾರ್ಟಮ್ ಇಲ್ಲದೆ ಮಣ್ಣು!

ಫಿಲ್ಟರ್ ಅಡಿಯ ಡ್ರೈನ್ ಸ್ಕ್ರೂ ಸ್ವಲ್ಪ ಸಡಿಲಿಸಿ ನೋಡೋಣ ಅಂದಿದ್ದಕ್ಕೆ ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಖಾಲಿ ನೀರಿನ ಬಾಟಲಿ ಹಿಡಿದು ಬಿಟ್ಟಿದ್ದಾಯ್ತು. ಹತ್ತು ನಿಮಿಷ ಬಾಟಲಿ ಅಲ್ಲಾಡಿಸದೆ ಇಟ್ಟರೆ, ಮೇಲೆ ಡೀಸೆಲ್, ಕೆಳಗೆ ಮೂರು ಬೆರಳು ನೀರು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಕಪ್ಪಗೆ ಲೋಳೆ ಲೋಳೆ. ಡೀಸೆಲ್ ಒಳಗೂ ಬೂಷ್ಟು ಬೆಳೆಯುತ್ತೆ ಸ್ವಾಮಿ, ನೀರು ಕೊಟ್ಟರೆ ಸಾಕು. ಓನರ್ ಬಾಟಲಿ ನೋಡಿ, "ಬಂಕಿನವರ ಕಳ್ಳತನ" ಅಂದರು. ಡೀಸೆಲ್ ಎಲ್ಲಿಂದ ತುಂಬಿದ್ದು ಅಂತ ಕೇಳಿದರೆ: "ತೋಟದ ಬ್ಯಾರೆಲ್ಲಿಂದ."

ನನ್ನ ವಾಲ್ ಓದುವವರಿಗೆ ಗೊತ್ತು, ಈ ವಿಷಯ ಬಂದರೆ ನನಗೆ ಬೇಗ ತಲೆ ಕೆಡುತ್ತೆ. ಕೆಟ್ಟಿದೆ, ಅದಕ್ಕೇ ಬರೀತಿದ್ದೇನೆ.

ಆ ಬ್ಯಾರೆಲ್ ಕಥೆ ಪ್ರತಿ ತೋಟದ್ದೂ ಒಂದೇ. ಫೆಬ್ರವರಿ, ಮಾರ್ಚಲ್ಲಿ ಹೂ ಬಿಡಿಸೋಕೆ ಸ್ಪ್ರಿಂಕ್ಲರ್ ಓಡಿಸಬೇಕು, ಅದರ ಇಂಜಿನ್‌ಗೆ ಅಂತ 200 ಲೀಟರ್ ಬ್ಯಾರೆಲ್ಲಲ್ಲಿ ಡೀಸೆಲ್ ತರ್ತಾರೆ. ಹೂಮಳೆ ಸಮಯಕ್ಕೆ ಸರಿಯಾಗಿ ಬಿದ್ದ ವರ್ಷ ಅರ್ಧ ಉಳಿಯುತ್ತೆ. ಉಳಿದದ್ದು ಕಣದ ಮೂಲೆಯಲ್ಲೋ, ಕೆರೆ ಪಕ್ಕದ ಪಂಪ್‌ಹೌಸ್ ಹೊರಗೋ ನೆಟ್ಟಗೆ ನಿಂತಿರುತ್ತೆ. ಜೂನ್ ಬಂತು. ಬ್ಯಾರೆಲ್ ತಲೆಯ ಸುತ್ತ ಒಂದು ಅಂಚು ಇದೆಯಲ್ಲ, ಅದರೊಳಗೆ ಮಳೆನೀರು ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತೆ, ಬಿರಡೆ ಮುಳುಗುತ್ತೆ. ಒಂದಿಷ್ಟು ಬಿಸಿಲು ಬಿದ್ದಾಗ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಆಚೆ ಹೋಗುತ್ತೆ. ಮತ್ತೆ ಮಳೆ ಹೊಡೆದು ಬ್ಯಾರೆಲ್ ತಣ್ಣಗಾದಾಗ ಅದೇ ಸಂದಿಯಿಂದ ಒಳಕ್ಕೆ ಎಳೆಯುತ್ತೆ. ಆಗ ಬಿರಡೆ ಮೇಲೆ ಇರೋದು ಗಾಳಿಯಲ್ಲ, ನೀರು. ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ಮಳೆ ತಿಂಗಳು) ಪೂರ್ತಿ ಇದೇ ಉಸಿರಾಟ. ಬಿರಡೆ ಎಷ್ಟು ಬಿಗಿದಿದ್ದರೂ ಅದರ ವಾಷರ್ ಹಳೆಯದಾದರೆ ಇದು ನಿಲ್ಲಲ್ಲ. ಆಮೇಲೆ ಕುಯ್ಲು ಶುರುವಾದಾಗ ಬಂಕಿಗೆ ಹೋಗೋಕೆ ಪುರುಸೊತ್ತಿಲ್ಲ ಅಂತ ಪೈಪ್ ಹಾಕಿ, ಬಾಯಲ್ಲಿ ಎಳೆದು, ಅದೇ ಬ್ಯಾರೆಲ್ಲಿನ ತಳದಿಂದ ಪಿಕಪ್‌ಗೆ 20 ಲೀಟರ್. ಪೈಪಿನ ತುದಿ ತಳಕ್ಕೆ ತಾಗಿರಬೇಕು ಬೇರೆ, ಒಂದು ಹನಿಯೂ ವೇಸ್ಟ್ ಆಗಬಾರದಲ್ಲ! ತಳದಲ್ಲಿರೋದೇ ನೀರು.

"ಬಟ್ಟೆ ಕಟ್ಟಿ ಸೋಸ್ತೀವಿ" ಅಂತಾರೆ. ಪಂಚೆ ಬಟ್ಟೆ ಎಲೆ, ಕಡ್ಡಿ ತಡೆಯುತ್ತೆ. ನೀರು ತಡೆಯಲ್ಲ, ಧೂಳೂ ತಡೆಯಲ್ಲ. ಹೈ ಪ್ರೆಶರ್ ಪಂಪಿನೊಳಗೆ ಡೀಸೆಲ್ ಒತ್ತೋ ಕಡ್ಡಿಯಂಥ ಪ್ಲಂಜರ್‌ಗೂ ಅದರ ಬ್ಯಾರೆಲ್‌ಗೂ (ಇದು ಪಂಪ್ ಒಳಗಿನ ಬ್ಯಾರೆಲ್, ತೋಟದ್ದಲ್ಲ) ನಡುವೆ ಇರೋ ಸಂದು 2-3 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿನಲ್ಲಿ ಇಂಜಿನ್ ಆಯಿಲ್ ಇಲ್ಲ, ಗ್ರೀಸ್ ಇಲ್ಲ. ಪ್ಲಂಜರ್‌ಗೆ ಎಣ್ಣೆ ಅಂದರೆ ಡೀಸೆಲ್ಲೇ. ಅಲ್ಲಿಗೆ ನೀರು ಬಂದರೆ ಜಾರುವಿಕೆ ಹೋಯ್ತು, ಗೀರು ಬಿತ್ತು. ಗಾಡಿ ಎರಡು ವಾರ ನಿಂತರೆ ತುಕ್ಕು. ಹಿಂದಿನ ಟೈರಿಗೆ ನೀವು ತುಂಬಿಸೋ ಗಾಳಿ 4 ಬಾರ್ ಆಸುಪಾಸು. ಈ ಪಂಪ್ ರೈಲಿಗೆ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್‌ಗಳಿಗೆಲ್ಲ ಸೇರಿ ಇರೋ ಒಂದೇ ದಪ್ಪ ಕೊಳವೆ, ಅದಕ್ಕೇ ಕಾಮನ್ ರೈಲ್ ಅನ್ನೋದು) ತುಂಬಿಸೋದು 1,600 ಬಾರ್, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು. ಅಂಥದಕ್ಕೆ ಕಣದ ಮೂಲೆಯ ಮಳೆನೀರು.

"ಹಳೇ ಜೀಪಿಗೆ ಏನು ಹಾಕಿದರೂ ಓಡ್ತಿತ್ತು" ಅನ್ನೋ ಹಿರಿಯರು ಈಗ ಬರ್ತಾರೆ. ಓಡ್ತಿತ್ತು, ಒಪ್ಪಿದೆ. ಹಳೇ ಇನ್‌ಲೈನ್ ಪಂಪಿನ ಕ್ಯಾಮ್ ಇಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತಿತ್ತು, ಇಂಜೆಕ್ಟರ್ ತೆರೆದುಕೊಳ್ಳೋದು 200 ಬಾರ್ ಆಸುಪಾಸಿಗೆ. ಸವೆದರೂ ಹೊಗೆ ಬಿಟ್ಟುಕೊಂಡು ಓಡುತ್ತಿತ್ತು, ಸವೆದದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ನಿಮ್ಮ ಹತ್ತಿರ ಈಗ ಆ ಜೀಪ್ ಇಲ್ಲವಲ್ಲ ಅಣ್ಣ. ಇರೋ ಗಾಡಿ ಬಗ್ಗೆ ಮಾತಾಡೋಣ.

ಇನ್ನೊಂದು ಗುಂಪು ಯೂಟ್ಯೂಬ್ ನೋಡಿ ಬಂದವರು: "ಅಮೆರಿಕದಲ್ಲಿ ಸಿಪಿ4 ಪಂಪ್ ಪುಡಿಪುಡಿ ಆಗ್ತಿದೆ, ಗೊತ್ತಾ?" ಗೊತ್ತು. ಸಿಪಿ4 ಅಂದರೆ ಬಾಷ್ ಕಂಪನಿಯ ಹೈ ಪ್ರೆಶರ್ ಪಂಪಿನ ಒಂದು ಮಾಡೆಲ್. ಆ ಪಂಪಿನ ಒಳಗೆ ಕ್ಯಾಮ್ ಮೇಲೆ ಒಂದು ರೋಲರ್ ಉರುಳುತ್ತೆ. ರೋಲರ್ ಹಿಡಿದಿರೋ ಟ್ಯಾಪೆಟ್ ಸ್ವಲ್ಪ ತಿರುಗಿ ಅಡ್ಡ ನಿಂತರೆ ರೋಲರ್ ಉರುಳೋ ಬದಲು ಕ್ಯಾಮನ್ನು ಕೆರೆಯುತ್ತೆ. ಕಬ್ಬಿಣದ ಪುಡಿ ರೈಲ್, ಇಂಜೆಕ್ಟರ್, ಕೊನೆಗೆ ರಿಟರ್ನ್ ಲೈನಲ್ಲಿ (ಮಿಕ್ಕ ಡೀಸೆಲ್ ವಾಪಸ್ ಹೋಗೋ ಪೈಪ್) ಟ್ಯಾಂಕಿನವರೆಗೂ ಹೋಗುತ್ತೆ. ಅಲ್ಲಿನ ರಾಮ್ ಅನ್ನೋ ಕಂಪನಿಯ ಪಿಕಪ್‌ಗಳಿಗೆ 2019ರಲ್ಲಿ ಸಿಪಿ4 ಹಾಕಿ, 2021ರಲ್ಲಿ ರೀಕಾಲ್ ಮಾಡಿ ಹಳೇ ಸಿಪಿ3ಗೆ ವಾಪಸ್ ಹೋದರು. ಡಿಸೈನಿನ ದೋಷ ಇಲ್ಲವೇ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಅಲ್ಲಿನ ಡೀಸೆಲ್ಲಿನ ಜಾರುವಿಕೆಯ ಮಾನದಂಡವೇ ಸಡಿಲ. ಲ್ಯಾಬಲ್ಲಿ ಡೀಸೆಲ್ಲಿನಲ್ಲಿ ಲೋಹ ಉಜ್ಜಿ ನೋಡಿದಾಗ ಬೀಳೋ ಸವೆತದ ಗುರುತು 520 ಮೈಕ್ರಾನ್‌ವರೆಗೆ ಅಲ್ಲಿ ಪಾಸ್, ನಮ್ಮಲ್ಲಿ 460ಕ್ಕೇ ಗೆರೆ. 2020ರಿಂದ ಸಿಗ್ತಿರೋ ಬಿಎಸ್6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದ್ದರೂ ಜಾರುವಿಕೆಗೆ ಬೇಕಾದ್ದನ್ನು ಸೇರಿಸಿಯೇ ಕಳಿಸ್ತಾರೆ. ಆ ಡೀಸೆಲ್ಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಎಣ್ಣೆ) ಸುರಿಯೋ ಪಂಡಿತರೇ, ದಯವಿಟ್ಟು ನಿಲ್ಲಿಸಿ. ಸೀಮೆಎಣ್ಣೆ ಬೆರೆಸುವವರಿಗೆ ದಯವಿಟ್ಟು ಅಂತಲೂ ಹೇಳಲ್ಲ. ಕಣದ ಮೂಲೆಯ ನೀರಿಗೂ ಅಮೆರಿಕದ ಟ್ಯಾಪೆಟ್‌ಗೂ ಏನು ಸಂಬಂಧ?

ಈಗ ಕೆಲಸದ ಮಾತು. ಗಾಡಿ ರಾತ್ರಿಯೆಲ್ಲ ನಿಂತಿರಬೇಕು, ಬೆಳಿಗ್ಗೆ ಕೀ ಹಾಕುವ ಮೊದಲು ಡ್ರೈನ್ ಬಿಡಬೇಕು. ಓಡಿಸಿ ಬಂದ ತಕ್ಷಣ ಬಿಟ್ಟರೆ ನೀರು ಡೀಸೆಲ್ಲಲ್ಲಿ ಕಲಕಿರುತ್ತೆ, ಏನೂ ಕಾಣಲ್ಲ. 100-150 ಎಂಎಲ್ ಸಾಕು. ಬಾಟಲಿ ಒಳಗಿನದು ಕಾಣೋ ಪಾರದರ್ಶಕ ಬಾಟಲಿಯೇ ಆಗಿರಲಿ. ತಳದಲ್ಲಿ ಕಂದು ಕಣ ಇದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಬಿಸಿಲಿಗೆ ಹಿಡಿದಾಗ ಬೆಳ್ಳಿ ಮಿಂಚಿದರೆ ಮಾತ್ರ ಭಯಪಡಿ, ಅದು ಪಂಪ್ ಅರೆದ ಪುಡಿ ಇರಬಹುದು. ಸ್ಕ್ರೂ ಬಿಗಿದ ಮೇಲೆ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸೆಲ್ಫ್. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಡ್ಯಾಶ್‌ಬೋರ್ಡಲ್ಲಿ ನೀರಿನ ಲೈಟ್ ಬರುತ್ತಲ್ಲ ಅಂತ ಕಾಯಬೇಡಿ. ಎಷ್ಟೋ ಗಾಡಿಗಳಲ್ಲಿ ಫಿಲ್ಟರ್ ಬದಲಾಯಿಸುವಾಗ ಆ ಸೆನ್ಸರ್ ವೈರ್ ಕಳಚಿ ನೇತಾಡ್ತಿರುತ್ತೆ. (ಡ್ರೈನ್ ಬಿಡೋಕೆ ನನಗೂ ಬೇಜಾರೇ. ಕೈ ಎರಡು ದಿನ ಡೀಸೆಲ್ ವಾಸನೆ ಹೊಡೆಯುತ್ತೆ, ಮನೆಯಲ್ಲಿ ಊಟಕ್ಕೆ ಕೂತರೆ ಮಾತು ಕೇಳಬೇಕು.)

ಫಿಲ್ಟರ್ ಹಾಕುವಾಗ ಇನ್ನೊಂದು ಅನಾಚಾರ. ಸ್ಟಾರ್ಟ್ ಬೇಗ ಆಗಲಿ ಅಂತ ಹೊಸ ಫಿಲ್ಟರ್‌ಗೆ ಕ್ಯಾನಿಂದ ಡೀಸೆಲ್ ತುಂಬಿಸೋದು, ಅದೂ ನಡುವಿನ ದೊಡ್ಡ ತೂತಿಗೆ. ತಿರುಗಿಸಿ ಕೂರಿಸೋ ಫಿಲ್ಟರ್‌ನಲ್ಲಿ ನಡುವಿನ ತೂತು ಸೋಸಿದ ಡೀಸೆಲ್ ಹೊರಗೆ ಬರೋ ದಾರಿ. ಅಲ್ಲಿಗೆ ಸುರಿದದ್ದು ಸೋಸದೆ ನೇರ ಪಂಪಿಗೆ. ಖಾಲಿ ಫಿಲ್ಟರ್ ಕೂರಿಸಿ ಕೈಪಂಪ್ ಒತ್ತಿ, ಐದು ನಿಮಿಷ ಹೆಚ್ಚು ಹಿಡಿದರೆ ಹಿಡೀಲಿ.

ಪಂಪಿನ ಮೇಲೆ ಆಣೆ ಇಡುವ ಮೊದಲು ನೋಡಬೇಕಾದದ್ದು ಇನ್ನೂ ಇದೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಶರ್ ನೋಡಿ. ಸುಮಾರು 200 ಬಾರ್ ಮುಟ್ಟದೆ ಸಾಮಾನ್ಯವಾಗಿ ಇಂಜೆಕ್ಟರ್ ತೆರೆಯೋ ಹುಕುಮೇ ಬರಲ್ಲ. ಮುಟ್ಟದಿದ್ದರೆ ಮೊದಲ ಅನುಮಾನ ಗಾಳಿ. ಟ್ಯಾಂಕಿಂದ ಫಿಲ್ಟರ್‌ವರೆಗಿನ ಲೈನಲ್ಲಿ ಒಂದು ಒ-ರಿಂಗ್ ಸೊಟ್ಟ ಕೂತಿದ್ದರೆ ಡೀಸೆಲ್ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ, ನೆಲ ಒಣಗೇ ಇರುತ್ತೆ. ಫಿಲ್ಟರ್ ಹಿಂದೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಾಣುತ್ತೆ. ಗುಳ್ಳೆ ಇಲ್ಲವಾ, ನಾಲ್ಕು ಇಂಜೆಕ್ಟರ್‌ನ ರಿಟರ್ನ್‌ಗೆ ನಾಲ್ಕು ಬಾಟಲಿ ಕಟ್ಟಿ. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಕಳ್ಳ ಅಲ್ಲೇ ಸಿಕ್ಕ. ಅದೂ ಸರಿ ಇದ್ದರೆ ಪಂಪಿನ ಮೀಟರಿಂಗ್ ವಾಲ್ವ್ (ಡೀಸೆಲ್ ಅಳೆದು ಒಳಗೆ ಬಿಡೋ ವಾಲ್ವ್) ಬಿಚ್ಚಿ ನೋಡಿ. ಅದರಲ್ಲಿ ಲೋಹದ ಪುಡಿ ಅಂಟಿದ್ದರೆ, ಆಗ ಹೇಳಿ ಪಂಪ್ ಹೋಗಿದೆ ಅಂತ. ಹೇಳಿದ ಮೇಲೆ ಪಂಪ್ ಒಂದೇ ಬದಲಾಯಿಸಿ ಕೈ ತೊಳೆಯಬೇಡಿ. ಟ್ಯಾಂಕ್ ಇಳಿಸಿ ತೊಳೆದು, ರೈಲ್, ಪೈಪ್, ಇಂಜೆಕ್ಟರ್, ರಿಟರ್ನ್ ಲೈನ್ ಎಲ್ಲ ನೋಡಬೇಕು. ಇಲ್ಲದಿದ್ದರೆ ಹಳೇ ಪುಡಿ ಹೋಗಿ ಇಂಜೆಕ್ಟರ್ ಬಾಯಲ್ಲಿ ಸಿಕ್ಕಿಕೊಳ್ಳುತ್ತೆ.

ಒಂದು ಮಾತ್ರ ಸಿಟ್ಟಿಲ್ಲದೆ ಹೇಳ್ತೇನೆ. ಹಳೇ ಅಭ್ಯಾಸದಲ್ಲಿ ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಮಿಸ್ ಅಂತ ನೋಡುವವರು ಇನ್ನೂ ಇದ್ದಾರೆ. ಕಾಮನ್ ರೈಲ್ ಗಾಡಿಯಲ್ಲಿ ಅಲ್ಲಿಂದ ಚಿಮ್ಮೋ ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಆ ಗಳಿಗೆಯೇ ಆಸ್ಪತ್ರೆ, ಡೀಸೆಲ್ ಹೊಕ್ಕಿದೆ ಅಂತ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಬೇಕು. ಬೆರಳೇ ಹೋಗಬಹುದು.

ಬಂಕಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ನನ್ನ ವಾದವಲ್ಲ. ಭೂಮಿಯೊಳಗಿನ ಟ್ಯಾಂಕಿಗೂ ಮಳೆಗಾಲದಲ್ಲಿ ನೀರು ಇಳಿಯಬಹುದು. ಡಿಪ್ ರಾಡಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ಇಳಿಸಿದರೆ ನೀರಿದ್ದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತೆ, ಅನುಮಾನ ಇದ್ದರೆ ನಿಂತು ಕೇಳಿ. ಟ್ಯಾಂಕರ್ ಇಳಿಸ್ತಿರುವಾಗ ಮಾತ್ರ ಡೀಸೆಲ್ ಹಾಕಿಸಬೇಡಿ, ತಳದ ಕಸವೆಲ್ಲ ಎದ್ದಿರುತ್ತೆ. ಆದರೆ ಬಂಕಿನವರನ್ನು ಬೈಯುವ ಮೊದಲು ನಿಮ್ಮ ಬ್ಯಾರೆಲ್ಲಿಗೂ ಅದೇ ಪೇಸ್ಟ್ ಹಚ್ಚಿದ ಕೋಲು ಇಳಿಸಿ.

ಬ್ಯಾರೆಲ್ ಇಡಲೇಬೇಕಾ? ಮಾಡಿನ ಕೆಳಗೆ ಇಡಿ. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡು ಬಿರಡೆಯೂ ಗಡಿಯಾರದ 3 ಮತ್ತು 9ರ ಜಾಗಕ್ಕೆ ಬರಲಿ, ಕೆಳಗೆ ಎರಡು ಮರದ ತುಂಡು ಕೊಡಿ. ತೆಗೆಯುವಾಗ ತಳದ ನಾಲ್ಕು ಬೆರಳು ಡೀಸೆಲ್ ಬಿಟ್ಟುಬಿಡಿ. ಮಳೆಗಾಲ ದಾಟಿ ಬಂದ ಡೀಸೆಲ್ಲನ್ನು ಪಿಕಪ್‌ಗೆ ಹಾಕಲೇಬೇಡಿ.

ಬೆಳಗಿನ ಪಿಕಪ್ ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಾಯಿಸಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಸ್ಟಾರ್ಟ್ ಆಯ್ತು. ಹಳೇ ಪಂಪೇ. ಓನರ್ ಚೀಲ ಇಳಿಸೋಕೆ ಹೊರಟರು. ಬಾಟಲಿಯಲ್ಲಿ ಮೇಲೆ ನಿಂತಿದ್ದ ಡೀಸೆಲ್ಲನ್ನು ಮೆಕ್ಯಾನಿಕ್ ವಾಪಸ್ ಟ್ಯಾಂಕಿಗೆ ಸುರಿಯೋಕೆ ಹೋಗಿದ್ದ, ನಾನು ಕೂಗಿದ್ದಕ್ಕೆ ನಿಲ್ಲಿಸಿದ.