ಬಾಬ್ ಅಲ್ಲ, ರೊಬೆರ್ಟೊ

ನಮ್ಮ ಪಿಟ್ಸ್‌ಬರ್ಗಿನಲ್ಲಿ ಒಂದು ಹಳೇ ಇಟ್ಟಿಗೆ ಗೋಡೆ ಇದೆ. ಪ್ರತಿ ವರ್ಷ ಅಕ್ಟೋಬರ್ 13ಕ್ಕೆ ಅದರ ಮುಂದೆ ಜನ ಮಡಚೋ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಲ್ಲಿ ಮೊದಲು ಫೋರ್ಬ್ಸ್ ಫೀಲ್ಡ್ ಅನ್ನೋ ಬೇಸ್‌ಬಾಲ್ ಮೈದಾನ ಇತ್ತು. 1970ರಲ್ಲಿ ಅಲ್ಲಿ ಕೊನೆಯ ಆಟ ನಡೆಯಿತು, ಆಮೇಲೆ ಕೆಡವಿದರು, ಈಗ ಯೂನಿವರ್ಸಿಟಿ ಕಟ್ಟಡಗಳಿವೆ, ಬಳ್ಳಿ ಹಬ್ಬಿದ ಈ ಗೋಡೆ ಮಾತ್ರ ಹಾಗೇ ನಿಂತಿದೆ. ಸೇರಿದವರು 1960ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಕೊನೆಯ, ಏಳನೇ ಪಂದ್ಯದ ರೇಡಿಯೊ ಕಾಮೆಂಟರಿಯನ್ನು ಮೊದಲಿಂದ ಕೊನೆವರೆಗೆ ಕೇಳುತ್ತಾರೆ. ಅವತ್ತು ಆಟ ಶುರುವಾದ ಹೊತ್ತಿಗೇ ಹಚ್ಚುತ್ತಾರೆ. ಹಾಗಾಗಿ ಬಿಲ್ ಮ್ಯಾಝರೋಸ್ಕಿ ಹೊಡೆದ ಕೊನೆಯ ಹೋಮ್ ರನ್ (ಚೆಂಡು ಮೈದಾನದ ಆಚೆ ಹೋಗೋ ಹೊಡೆತ) ಅವತ್ತಿನ ಹಾಗೇ ಮಧ್ಯಾಹ್ನ 3.36ಕ್ಕೆ ಬರುತ್ತದೆ. ಪಿಟ್ಸ್‌ಬರ್ಗಿನ ಪೈರೇಟ್ಸ್ 10, ನ್ಯೂಯಾರ್ಕಿನ ಯಾಂಕೀಸ್ 9. ಆ ಗಡಿಬಿಡಿಯಲ್ಲಿ ಕಾಮೆಂಟೇಟರ್ ಬೌಲ್ ಮಾಡಿದವನ ಹೆಸರನ್ನೇ ತಪ್ಪು ಹೇಳುತ್ತಾರೆ (ಬೇಸ್‌ಬಾಲ್‌ನಲ್ಲಿ ಅವನು ಪಿಚರ್). ಅದನ್ನೂ ಜನ ಕಾದು ಕೇಳುತ್ತಾರೆ. 1985ರಲ್ಲಿ ಒಬ್ಬ ಅಭಿಮಾನಿ ಟೇಪ್ ತಂದು ಒಬ್ಬರೇ ಕೂತು ಕೇಳಿದರಂತೆ, ಅಲ್ಲಿಂದ ಇದು ಬೆಳೆದಿದ್ದು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಪಕ್ಕದ ಮನೆ ಯಜಮಾನರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಾನು ಭದ್ರಾವತಿಯವನು, ನಮ್ಮಪ್ಪನೂ ಕಬ್ಬಿಣದ ಕಾರ್ಖಾನೆಗೇ ಹೋಗುತ್ತಿದ್ದರು, ಶಿಫ್ಟಿನ ಸೈರನ್ ಕೇಳಿಕೊಂಡು ಬೆಳೆದವರು ನಾವಿಬ್ಬರೂ. ಅದರಿಂದಲೇ ಸ್ನೇಹ ಆಗಿದ್ದು.

ಗೋಡೆ ಹತ್ತಿರ ಎಲ್ಲರೂ ಮ್ಯಾಝರೋಸ್ಕಿಗೆ ಕಾಯುತ್ತಿದ್ದರೆ ಯಜಮಾನರು ಎಂಟನೇ ಇನ್ನಿಂಗ್ಸ್‌ಗೆ ಕಾಯುತ್ತಾರೆ (ಬೇಸ್‌ಬಾಲ್‌ನಲ್ಲಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಮೂವರು ಔಟಾದರೆ ಒಂದು ತಂಡದ ಸರದಿ ಮುಗಿಯಿತು). ಆಗ ಪೈರೇಟ್ಸ್ ಹಿಂದಿದ್ದರು, ಇಬ್ಬರು ಔಟಾಗಿದ್ದರು. ಪೈರೇಟ್ಸ್ ಆಟಗಾರ ರೊಬೆರ್ಟೊ ಕ್ಲೆಮೆಂಟೆ ಹೊಡೆದ ಚೆಂಡು ಸರಿಯಾಗಿ ತಗಲದೆ ನೆಲದ ಮೇಲೆ ಉರುಳುತ್ತಾ ಹೋಯಿತು. ಯಾರಾದರೂ ಬಿಟ್ಟುಬಿಡೋ ಹೊಡೆತ ಅದು. ಆದರೆ ಅವರು ಬಿಡಲಿಲ್ಲ, ಜೀವ ಬಿಟ್ಟು ಓಡಿದರು, ಪಿಚರ್ ಬಂದು ಫಸ್ಟ್ ಬೇಸ್ (ಹೊಡೆದವನು ಚೆಂಡಿಗಿಂತ ಮೊದಲು ಮುಟ್ಟಬೇಕಾದ ಜಾಗ) ಕಾಯಲಿಲ್ಲ, ಕ್ಲೆಮೆಂಟೆ ಉಳಿದರು, ಒಂದು ರನ್ನೂ ಬಂತು. ಮುಂದಿನವನು ಹಾಲ್ ಸ್ಮಿತ್. ಮೂರು ರನ್ನಿನ ಹೋಮ್ ರನ್. ಆ ಓಟ ಇಲ್ಲದಿದ್ದರೆ ಇನ್ನಿಂಗ್ಸ್ ಅಲ್ಲಿಗೇ ಮುಗಿಯುತ್ತಿತ್ತು. 10 ವರ್ಷದ ಹುಡುಗನಾಗಿ ಶಾಲೆಯಿಂದ ಓಡಿ ಬಂದು ರೇಡಿಯೊಗೆ ಕಿವಿ ಹಚ್ಚಿದ್ದ ಯಜಮಾನರಿಗೆ ಅವತ್ತೇ ಕ್ಲೆಮೆಂಟೆ ಹೀರೋ ಆಗಿಬಿಟ್ಟರು.

ಆಮೇಲೆ ಅವರು ಜೇಬಿಂದ ಒಂದು ಹಳೇ ಬೇಸ್‌ಬಾಲ್ ಕಾರ್ಡು ತೆಗೆದು ತೋರಿಸಿದರು. ಮೂಲೆಗಳು ಸವೆದು ಗುಂಡಗಾಗಿದ್ದವು. ಮೇಲೆ ಅಚ್ಚಾಗಿದ್ದ ಹೆಸರು ಬಾಬ್ ಕ್ಲೆಮೆಂಟೆ.

ಕ್ಲೆಮೆಂಟೆ ಪೋರ್ಟೊ ರಿಕೊದವರು, ತಾಯ್ನುಡಿ ಸ್ಪ್ಯಾನಿಷ್. ಬಾಬ್ ಅಂತ ಕರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಆದರೂ ಕಾರ್ಡುಗಳಲ್ಲಿ ವರ್ಷಗಟ್ಟಲೆ ಬಾಬ್ ಅಂತಲೇ ಅಚ್ಚು ಹಾಕಿದರು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಅದೇ ಥರ ಅಕ್ಷರಕ್ಕಿಳಿಸಿ ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ಮೈಗೆ ನೋವು ಅಂದರೆ ಸೋಮಾರಿ ಅಂದರು. "ನಾನೂ ಬಾಬ್ ಅಂತಲೇ ಕೂಗುತ್ತಿದ್ದೆ. ಅವರು ಹೋದ ಮೇಲೆ ನಿಲ್ಲಿಸಿದೆ" ಅಂದರು ಯಜಮಾನರು. ಹೇಳಿ ಕಾರ್ಡನ್ನು ಬೆರಳಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು.

ನನಗೆ ಇದು ನಾಟಿತು. ನಾನು ಇಲ್ಲಿಗೆ ಬಂದ ಎರಡೇ ವಾರದಲ್ಲಿ ಶ್ರೀನಿವಾಸ ಅನ್ನೋ ಹೆಸರು ಸ್ರಿನಿ ಆಯಿತು, ಯಾರೂ ನನ್ನನ್ನು ಕೇಳಲಿಲ್ಲ.

ಬಾಲ್ಯದ ಹೀರೋಗಳ ಬಗ್ಗೆ ಮಾತು ಬಂದರೆ ನಾವೆಲ್ಲ ಅವತ್ತಿನ ಖುಷಿಯನ್ನಷ್ಟೇ ಹೇಳುತ್ತೇವೆ ಅಲ್ವಾ? ಅದು ಸಾಲದು. ಅವತ್ತು ನಮಗೆ ಕಾಣದೇ ಹೋಗಿದ್ದನ್ನೂ ಹೇಳಬೇಕು. ನನ್ನದೇ ಹೇಳುತ್ತೇನೆ. ನನ್ನ ಹೀರೋ ನಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ಜೊತೆ ಟೆಸ್ಟ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಗಲಿಲ್ಲ ಅಂತ ನಮ್ಮ ಕ್ಯಾಪ್ಟನ್ ಆಗಿದ್ದ ವಿಶ್ವನಾಥ್ ಆ ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ನಾವು 10 ವಿಕೆಟ್‌ನಿಂದ ಸೋತೆವು. ಆಗ ನನಗೆ 10 ವರ್ಷ. ಸಿಟ್ಟು ಬಂದು ಪೇಪರಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದ ಅವರ ಫೋಟೊ ಕಿತ್ತುಹಾಕಿದೆ. ಅಪ್ಪ ಏನೂ ಅನ್ನಲಿಲ್ಲ, ಸುಮ್ನೆ ಅದನ್ನು ಎತ್ತಿ ಟ್ರಂಕಿನಲ್ಲಿ ಇಟ್ಟರು. ಆ ಪಂದ್ಯದ ಸ್ಕೋರು ಇವತ್ತು ಯಾರಿಗೆ ನೆನಪಿದೆ? ಟೇಲರ್ ಅವರನ್ನು ಕರೆಸಿದ್ದು ಮಾತ್ರ ಎಲ್ಲರಿಗೂ ಗೊತ್ತು.

ಕ್ಲೆಮೆಂಟೆ 1971ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದ ದಿನ ಟಿವಿ ಮೈಕ್ ಮುಂದೆ ಬಂದಾಗ ಮೊದಲು ಸ್ಪ್ಯಾನಿಷ್‌ನಲ್ಲಿ ತಂದೆತಾಯಿಯ ಆಶೀರ್ವಾದ ಕೇಳಿದರು. ಇಡೀ ಅಮೆರಿಕ ನೋಡುತ್ತಿತ್ತು. 1972ರ ಸೆಪ್ಟೆಂಬರ್ 30ಕ್ಕೆ 3000ನೇ ಹಿಟ್ ಹೊಡೆದರು. ಡಿಸೆಂಬರ್ 23ಕ್ಕೆ ನಿಕರಾಗ್ವಾದ ಮನಾಗ್ವಾದಲ್ಲಿ ಭೂಕಂಪ ಆಯಿತು. ಕಳಿಸಿದ ಸಾಮಾನು ಜನರಿಗೆ ಮುಟ್ಟುತ್ತಿಲ್ಲ ಅಂತ ಗೊತ್ತಾಗಿ 31ರ ರಾತ್ರಿ ತಾವೇ ವಿಮಾನ ಹತ್ತಿದರು. ಹಳೇ ವಿಮಾನ, ಹೊರೆ ಜಾಸ್ತಿ. ಹಾರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ದೇಹ ಸಿಗಲೇ ಇಲ್ಲ. 38 ವರ್ಷ. ಇವತ್ತು ಈ ಊರಲ್ಲಿ ಅವರ ಹೆಸರಿನ ಸೇತುವೆ ಇದೆ, ಹೊಸ ಮೈದಾನದಲ್ಲಿ ಅವರು ಕಾಯುತ್ತಿದ್ದ ರೈಟ್ ಫೀಲ್ಡ್ ಕಡೆಯ ಗೋಡೆ 21 ಅಡಿ ಎತ್ತರ, ಅವರ ಜರ್ಸಿ ನಂಬರಿನಷ್ಟೇ. ಸೇತುವೆ ಮೇಲೆ ಪೂರ್ತಿ ಹೆಸರು ಬರೆದಿದ್ದಾರೆ, ರೊಬೆರ್ಟೊ ಕ್ಲೆಮೆಂಟೆ ಅಂತ. ನಾನು ದಾಟುವಾಗೆಲ್ಲ ಓದುತ್ತೇನೆ.

ಪಿಟ್ಸ್‌ಬರ್ಗಿನ ಕನ್ನಡಿಗರೇ, ವೆಂಕಟೇಶ್ವರ ದೇವಸ್ಥಾನಕ್ಕೆ ಬರುವ ಹಾಗೆ ಒಂದು ವರ್ಷ ಈ ಗೋಡೆ ಹತ್ತಿರವೂ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮಧ್ಯಾಹ್ನ ಒಂದು ಗಂಟೆಗೇ ಬಂದುಬಿಡಿ. 3.36ಕ್ಕೆ ಬಂದರೆ ಎಂಟನೇ ಇನ್ನಿಂಗ್ಸ್ ತಪ್ಪಿಹೋಗುತ್ತದೆ.