ಶುರುವಿನ ಕ್ಲ್ಯಾಪ್ ಒಂದೇ ಸಾಲದು
ಸೂಪರ್ 8 ಎಂಬ ಪುಟ್ಟ ಫಿಲ್ಮ್ ಕ್ಯಾಮೆರಾ ಹಿಡಿಯುವ ಹೊಸಬರಿಗಾಗಿ, ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ಆಮೇಲೆ ಚಿತ್ರಕ್ಕೆ ಜೋಡಿಸುವ ಬಗ್ಗೆ ಬಂದ ಲೇಖನ ನಿಜಕ್ಕೂ ಬೇಕಿತ್ತು. ಆದರೆ ಶಾಟ್ ಶುರುವಲ್ಲಿ ಒಮ್ಮೆ ಕ್ಲ್ಯಾಪ್ ಹೊಡೆದರೆ (ಕ್ಯಾಮೆರಾ ಮುಂದೆ ಹಲಗೆ ತಟ್ಟಿ, ಆ ಸದ್ದನ್ನೂ ದೃಶ್ಯವನ್ನೂ ತಾಳೆ ಹಾಕಿದರೆ) ಧ್ವನಿ ಕೊನೆಯವರೆಗೂ ಹೊಂದುತ್ತದೆ ಅನ್ನುವ ಅದರ ಮಾತನ್ನು ಒಪ್ಪಲಾರೆ. ಅದು ಹೊಂದಿಸುವುದು ಮೊದಲ ಕ್ಷಣವನ್ನು ಮಾತ್ರ.

ಡಿಜಿಟಲ್ ರೆಕಾರ್ಡರಿನ ವೇಗ ಸ್ಥಿರ, ಹಳೆಯ ಕ್ಯಾಮೆರಾದ ಮೋಟಾರು ಹಾಗಲ್ಲ. ಕ್ರಿಸ್ಟಲ್ ಸಿಂಕ್ (ಮೋಟಾರಿನ ವೇಗವನ್ನು ನಿಖರವಾಗಿಡುವ ವ್ಯವಸ್ಥೆ) ಇಲ್ಲದ ಕ್ಯಾಮೆರಾ ಸೆಕೆಂಡಿಗೆ 24ರ ಬದಲು 24.5 ಫ್ರೇಮ್ ಓಡಿದರೂ ಹತ್ತೇ ಸೆಕೆಂಡಿನಲ್ಲಿ ಐದು ಫ್ರೇಮ್ ವ್ಯತ್ಯಾಸ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ! ಹಾಗಾಗಿ ಶಾಟ್ ಕೊನೆಯಲ್ಲೂ ಕ್ಲ್ಯಾಪ್ ಹೊಡೆಯಿರಿ. ಎರಡು ಕ್ಲ್ಯಾಪ್‌ಗಳ ನಡುವಿನ ಅವಧಿಯನ್ನು ಧ್ವನಿಯಲ್ಲಿ ಅಳೆದು, ಚಿತ್ರದ ವೇಗವನ್ನು ಎಡಿಟಿಂಗಿನಲ್ಲಿ ಅದಕ್ಕೆ ಸರಿಹೊಂದಿಸಬಹುದು. ಬ್ಯಾಟರಿ ಕುಗ್ಗುತ್ತಿದ್ದರೆ ಶಾಟ್ ಮಧ್ಯದಲ್ಲೇ ವೇಗ ಬದಲಾಗುತ್ತದೆ, ಆಗ ಇದೂ ಪೂರ್ತಿ ಕೈಹಿಡಿಯದು. ಹೊಸ ಬ್ಯಾಟರಿ ಹಾಕಿ, ಮಾತಿನ ಶಾಟ್‌ಗಳನ್ನು ಚಿಕ್ಕದಾಗಿಡಿ. ಹೇಗೂ 50 ಅಡಿಯ ಕಾರ್ಟ್ರಿಡ್ಜ್ 24 ಫ್ರೇಮಿನಲ್ಲಿ ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ.

1973ರಲ್ಲಿ ಕೊಡಾಕ್ ತಂದ, ಅಂಚಿನಲ್ಲಿ ಧ್ವನಿ ದಾಖಲಿಸುವ ಮ್ಯಾಗ್ನೆಟಿಕ್ ಪಟ್ಟಿಯಿದ್ದ ಫಿಲ್ಮಿನಲ್ಲಿ ಈ ತಾಪತ್ರಯ ಇರಲಿಲ್ಲ. ಆದರೆ ಫಿಲ್ಮಿನ ಮೇಲೆ ಧ್ವನಿ ತನ್ನ ಚಿತ್ರಕ್ಕಿಂತ 18 ಫ್ರೇಮ್ ಮುಂದಿರುತ್ತಿದ್ದುದರಿಂದ ಕತ್ತರಿಸಿ ಅಂಟಿಸುವಾಗ ಮಾತು ತುಂಡಾಗುತ್ತಿತ್ತು. ಆ ಕಾರ್ಟ್ರಿಡ್ಜ್ ಈಗ ತಯಾರಾಗುವುದೂ ಇಲ್ಲ.

ಮನೆಯೊಳಗೆ ಚಿತ್ರೀಕರಿಸುವಾಗ ಬೆಂಗಳೂರಿನ ಟ್ರಾಫಿಕ್ಕಿಗಿಂತ ಹೆಚ್ಚು ಕಾಡುವುದು ಕ್ಯಾಮೆರಾದ್ದೇ ಕಿರ್ರ್ ಸದ್ದು. ಲೆನ್ಸ್ ಬಿಟ್ಟು ಉಳಿದದ್ದಕ್ಕೆಲ್ಲ ದಪ್ಪ ಕಂಬಳಿ ಹೊದಿಸಿ, ಮೈಕನ್ನು ಮಾತಾಡುವವರ ಹತ್ತಿರ ಒಯ್ಯಿರಿ. ಗಾಂಧಿ ಬಜಾರಿನಂಥ ಕಡೆಯಾದರೆ ಕ್ಯಾಮೆರಾ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ಕಟ್‌ಗಳಲ್ಲಿ ಹಿನ್ನೆಲೆ ಸದ್ದು ಕಡಿಯದಂತೆ ಕೆಳಗೆ ಹಾಸಲು ಅದು ಬೇಕೇ ಬೇಕು.