ವೆಂಟ್ ಅಂದರೆ ಯಾರು ಹೋದದ್ದು?

ನಿನ್ನೆ ರಾತ್ರಿ ಮಗಳು ಅಡುಗೆಮನೆಯ ನೆಲದಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದಳು. ಐದನೇ ಕ್ಲಾಸ್. ಬೆಳಗಾದರೆ ಇಂಗ್ಲಿಷ್ ಟೆಸ್ಟ್. "ಐ ವೆಂಟ್, ವಿ ವೆಂಟ್, ಯೂ ವೆಂಟ್, ಹಿ ವೆಂಟ್, ಶಿ ವೆಂಟ್, ಇಟ್ ವೆಂಟ್, ದೇ ವೆಂಟ್." ಪಕ್ಕದಲ್ಲಿ ಅಮ್ಮ ಬಸಳೆ ದಂಟು ಮುರಿಯುತ್ತಾ ಕೂತಿದ್ದರು. ಮೂರು ಸಲ ಸುಮ್ಮನೆ ಕೇಳಿದರು. ನಾಲ್ಕನೇ ಸಲ ತಡೆಯಲಿಲ್ಲ.

"ಎಂತ ಮಗಾ ಈ ವೆಂಟ್ ಅಂದರೆ?"

"ಹೋದದ್ದು ಅಜ್ಜಿ."

"ಏರ್ ಪೋಯಿನಿ?"

ತುಳುವಿನಲ್ಲಿ, ಯಾರು ಹೋದದ್ದು ಅಂತ. "ಎಲ್ಲರೂ" ಅಂದಳು ಮಗಳು. "ಹಾಗಾದರೆ ಎಲ್ಲರೂ ಹೋದರು ಅಂತ ಒಂದು ಸಲ ಹೇಳಿದರೆ ಆಗುವುದಿಲ್ವಾ? ಏಳು ಸಲ ಯಾಕೆ ಕಳಿಸುವುದು?"

ನಾನು ನಕ್ಕೆ. ಆಮೇಲೆ ನಗು ನಿಂತಿತು. ಯಾಕೆಂದರೆ ಅಮ್ಮ ಕೇಳಿದ ಪ್ರಶ್ನೆಯನ್ನೇ ಒಬ್ಬ ಮಾಸ್ಟ್ರು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.

ನಾನು ಓದಿದ್ದು ಉಡುಪಿ ಹತ್ತಿರದ ಕನ್ನಡ ಶಾಲೆ. ಎ ಬಿ ಸಿ ಡಿ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. ಏಳನೆಯದರಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಲಿಕ್ಕೆ ಹೇಳಿದರು. ಜನವರಿ 17ರ ರಾತ್ರಿಯಿಡೀ ನಿದ್ದೆ ಬಿಟ್ಟು ಜೋಡುಕಟ್ಟೆಯ ಮೆರವಣಿಗೆ ನೋಡಿದವರು ನಾವು, ಬರೆಯಲಿಕ್ಕೆ ಏನು ಕಷ್ಟ? ಬರೆದೆ: ವೆಂಟ್ ಟು ಉಡುಪಿ. ಸಾ ಲೈಟ್ಸ್. ಸಾ ಎಲಿಫೆಂಟ್. ಕೇಮ್ ಹೋಮ್ ಮಾರ್ನಿಂಗ್. ಮಾಸ್ಟ್ರು ಪ್ರತಿ ಸಾಲಿನ ಮುಂದೆ ಇಂಗ್ಲಿಷಿನಲ್ಲಿ "ಹೂ?", ಅಂದರೆ ಯಾರು ಅಂತ ಬರೆದಿದ್ದರು. ಕೊನೆಗೆ ಇಡೀ ಕ್ಲಾಸಿಗೆ ಓದಿ ಹೇಳಿದರು, "ಬೆಳಿಗ್ಗೆ ಮನೆಗೆ ಬಂದದ್ದು ಇವನಾ, ಆನೆಯಾ?"

ನನ್ನ ತಪ್ಪು ಏನು ಅಂತ ಅವತ್ತು ಅರ್ಥವಾಗಲೇ ಇಲ್ಲ. ಅವರು ಹೇಳಿಯೂ ಇಲ್ಲ. ನಾನು ಕನ್ನಡದಲ್ಲಿ ಯೋಚಿಸಿದ್ದೆ ಅಷ್ಟೇ. "ಉಡುಪಿಗೆ ಹೋದೆ, ಆನೆ ನೋಡಿದೆ, ಬೆಳಿಗ್ಗೆ ಮನೆಗೆ ಬಂದೆ." ಇದರಲ್ಲಿ ಆನೆ ಮನೆಗೆ ಬರಲಿಕ್ಕೆ ದಾರಿಯೇ ಇಲ್ಲ. ಆನೆ ಬಂದಿದ್ದರೆ "ಬಂತು" ಆಗುತ್ತಿತ್ತು. ನಮ್ಮ ಕ್ರಿಯಾಪದಕ್ಕೆ ಬಾಲ ಉಂಟು, ಆ ಬಾಲದಲ್ಲೇ ಆಸಾಮಿ ಯಾರು ಅಂತ ಗೊತ್ತಾಗುತ್ತದೆ. ಹೋದೆ, ಹೋದ, ಹೋದಳು, ಹೋಯಿತು, ಹೋದರು, ಹೋದವು. ಇಂಗ್ಲಿಷಿನ ವೆಂಟ್ ಬಾಲ ಉದುರಿದ ಪ್ರಾಣಿ. ಯಾರ ಜೊತೆ ಬೇಕಾದರೂ ಹೋಗುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ. ಹಾಗಾಗಿ ಅಲ್ಲಿ ಐ, ಹಿ, ಶಿ ಅಂತ ಪ್ರತಿ ಸಲ ಮುಂದೆ ಒಬ್ಬರನ್ನು ನಿಲ್ಲಿಸಲೇಬೇಕು. ಈ ಎರಡು ಸಾಲು ಅವತ್ತು ಹೇಳಿದ್ದರೆ ಸಾಕಿತ್ತು. ಹೇಳದೆ ನಗಿಸಿದರು.

ಊರಿನ ಉಳಿದ ಭಾಷೆಗಳನ್ನು ನೋಡಿದರೆ ಇನ್ನೂ ಮಜಾ. ತುಳುವಿನಲ್ಲಿ ಯಾನ್ ಪೋಯೆ, ಆಯೆ ಪೋಯೆ. ಬರೆದರೆ ಎರಡೂ ಒಂದೇ. ಬಾಯಲ್ಲಿ ಬೇರೆ ಬೇರೆ. ನಾನು ಹೋದಾಗ ಕೊನೆಯ ಎಕಾರಕ್ಕೆ ಬಾಯಿ ಸ್ವಲ್ಪ ಜಾಸ್ತಿ ತೆರೆಯುತ್ತದೆ, ಇಂಗ್ಲಿಷಿನ ಮ್ಯಾನ್ ಮತ್ತು ಮೆನ್ ನಡುವಿನ ವ್ಯತ್ಯಾಸದ ಹಾಗೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ. ಪಕ್ಕದ ಮನೆಯ ಕೊಂಕಣಿ ಬಾಯಿ "ಹಾಂವ್ ಗೆಲಿಂ" ಅನ್ನುತ್ತಾರೆ, ಅವರ ಗಂಡ "ಹಾಂವ್ ಗೆಲೊಂ". ನಾನು ಅನ್ನುವಾಗಲೇ ಗಂಡೋ ಹೆಣ್ಣೋ ಹೇಳಿಬಿಡಬೇಕು. (ಈ ಪೋಸ್ಟ್ ಕೊಂಕಣಿಯಲ್ಲಿ ಬರೆದಿದ್ದರೆ ಗುಟ್ಟು ಒಂದನೇ ಸಾಲಿಗೇ ರಟ್ಟಾಗುತ್ತಿತ್ತು. ಕನ್ನಡದಲ್ಲಿ ಮಾಸ್ಟ್ರ "ಇವನಾ" ಬರುವವರೆಗೆ ಕಾಯಬೇಕಾಯಿತು.) ತಲಪಾಡಿ ಗಡಿ ದಾಟಿದರೆ ಮಲಯಾಳ. ಅಲ್ಲಿ ಞಾನ್ ಪೋಯಿ, ನೀ ಪೋಯಿ, ಅವನ್ ಪೋಯಿ, ಅವರ್ ಪೋಯಿ. ಥೇಟ್ ವೆಂಟ್! ಬಾಲ ಬೇಡ ಅಂತ ತೀರ್ಮಾನ ಮಾಡಿದ್ದು ಇಂಗ್ಲಿಷಿನವರು ಮಾತ್ರ ಅಲ್ಲ.

ಬಾಯಿಪಾಠದ ಎರಡನೇ ಭಾಗಕ್ಕೆ ಬಂದಾಗ ಮಗಳು ನಿಂತಳು. ಐ ವಾಸ್, ಹಿ ವಾಸ್, ಶಿ ವಾಸ್. ವಿ ವರ್, ದೇ ವರ್. ಸರಿ. "ಯೂ ವರ್. ಆದರೆ ಯೂ ಅಂದರೆ ಒಬ್ಬರೇ ಅಲ್ವಾ? ಒಬ್ಬರಿಗೆ ವಾಸ್ ಅಲ್ವಾ?" ಟೀಚರಿಗೆ ಕೇಳಿದ್ದಳಂತೆ. "ಅದು ಹಾಗೇ, ಬಾಯಿಪಾಠ ಮಾಡು" ಅಂದರಂತೆ.

ಅದು ಹಾಗೇ ಅಲ್ಲ ಮಾರಾಯ್ರೇ. ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮ ಹಾಗೆ ನೀನು, ನೀವು ಎರಡೂ ಇದ್ದವು. ದೌ ಅಂದರೆ ನೀನು. ಅದಕ್ಕೆ ಬಾಲವೂ ಇತ್ತು. 1611ರ ಇಂಗ್ಲಿಷ್ ಬೈಬಲ್ ತೆರೆದರೆ "ದೌ ವೆಂಟೆಸ್ಟ್" ಅಂತ ಸಿಗುತ್ತದೆ. ನೀನು ಹೋದೆ ಅಂತ. ಮೇಲಿನವರಿಗೆ, ಗೌರವ ಕೊಡಬೇಕಾದವರಿಗೆ ಬಹುವಚನದ ಯೂ. ಬರುಬರುತ್ತಾ ಎಲ್ಲರಿಗೂ ಯೂ ಹಾಕಿ ಹಾಕಿ ದೌ ಮೂಲೆಗೆ ಸೇರಿತು. ಈಗ ಉಳಿದಿರುವ ಯೂ ಮೂಲದಲ್ಲಿ "ನೀವು". ಹಾಗಾಗಿ ಒಬ್ಬರೇ ಇದ್ದರೂ ಯೂ ವರ್, ನೀವು ಇದ್ದಿರಿ.

ಇದನ್ನು ಅಮೆರಿಕದ ಮಗುವಿಗೆ ಅರ್ಥ ಮಾಡಿಸಲಿಕ್ಕೆ ಕಷ್ಟ ಇರಬಹುದು. ನಮ್ಮ ಮಕ್ಕಳಿಗೆ ಎಂತ ಕಷ್ಟ? ಮನೆಗೆ ಬಂದ ಒಬ್ಬರೇ ಮಾವನಿಗೆ "ಯಾವಾಗ ಬಂದಿರಿ?" ಅಂತ ಕೇಳುವ ಮಕ್ಕಳು ಇವರು. ತುಳುವಿನಲ್ಲಿ "ಈರ್ ಏಪ ಬತ್ತರ್?" ಮಗಳಿಗೆ ಅಷ್ಟೇ ಹೇಳಿದೆ. "ಓ, ಯೂ ಅಂದರೆ ಈರ್!" ಅಂದಳು. ಮತ್ತೆ ತಪ್ಪಲಿಲ್ಲ. ಅಂದ ಹಾಗೆ, ಇಂಗ್ಲಿಷಿನವರಿಗೇ ಇದು ಗೊಂದಲ ಆಗಿತ್ತು. ಒಬ್ಬರಿಗೆ "ಯೂ ವಾಸ್" ಅಂತಲೇ ತುಂಬ ಜನ ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ವ್ಯಾಕರಣ ಪುಸ್ತಕದಲ್ಲಿ ಅದು ದೊಡ್ಡ ತಪ್ಪು ಅಂತ ಬೈದರು. ನನ್ನ ಮಗಳ ಅನುಮಾನ ದಡ್ಡತನ ಅಲ್ಲ ಅಂತ ಆಯಿತಲ್ಲ.

ಇನ್ನೊಂದು, "ಡಿಡ್ ನಾಟ್ ವೆಂಟ್". ಇದನ್ನು ಹೇಳಿ ನಗುವುದು ನಮ್ಮಲ್ಲಿ ದೊಡ್ಡ ಜೋಕು. ಆದರೆ ಕನ್ನಡದಲ್ಲಿ ಯಾವ ಮಗುವಾದರೂ "ಹೋದ ಇಲ್ಲ" ಅನ್ನುತ್ತದಾ? "ಹೋಗಲಿಲ್ಲ" ಅನ್ನುತ್ತದೆ. "ಇಲ್ಲ" ಬಂದ ಕೂಡಲೇ "ಹೋದ" ಹೋಗಿ "ಹೋಗು" ವಾಪಸ್ ಬರುತ್ತದೆ, "ಡಿಡ್ ನಾಟ್" ಬಂದ ಕೂಡಲೇ "ಗೋ" ವಾಪಸ್ ಬಂದ ಹಾಗೆ. ಅಷ್ಟೇ ಅಲ್ಲ, ಇಲ್ಲಿ ನಮ್ಮ ಬಾಲವೂ ಉದುರುತ್ತದೆ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ. ಬರೀ "ಹೋಗಲಿಲ್ಲ" ಅಂದರೆ ನಾವೂ "ಯಾರು?" ಅಂತಲೇ ಕೇಳಬೇಕು. ತುಳು ಮಾತ್ರ ಇಲ್ಲಿಯೂ ಹಟ ಬಿಡುವುದಿಲ್ಲ. ಯಾನ್ ಬೈದಿಜಿ (ನಾನು ಬರಲಿಲ್ಲ), ಅಕುಲು ಬೈದಿಜೆರ್ (ಅವರು ಬರಲಿಲ್ಲ).

1872ರಲ್ಲಿ ಬಾಸೆಲ್ ಮಿಶನ್ನಿನ ಬ್ರಿಗೆಲ್ ಎಂಬ ಪಾದ್ರಿ ತುಳುವಿಗೆ ಒಂದು ವ್ಯಾಕರಣ ಬರೆದು ಇದೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು, ಇಂಗ್ಲಿಷಿನಲ್ಲಿ. ಹೊರಗಿನವರು ನಮ್ಮ ಭಾಷೆ ಕಲಿಯಲಿಕ್ಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಮ್ಮ ಮಕ್ಕಳು ಅವರ ಭಾಷೆ ಕಲಿಯುವಾಗ ಮಾತ್ರ ಮನೆಮಾತನ್ನು ಚಪ್ಪಲಿಯ ಹಾಗೆ ಕ್ಲಾಸಿನ ಹೊರಗೆ ಬಿಡಬೇಕು. ಕ್ಲಾಸಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್ ಹಾಕುವ ಶಾಲೆಯೂ ನನಗೆ ಗೊತ್ತು. ಅಲ್ಲ, ಬೀಗದ ಕೈ ಕಿಸೆಯಲ್ಲಿರುವ ಮಗುವಿನ ಹತ್ತಿರ ಕಿಸೆಗೆ ಕೈ ಹಾಕಬೇಡ ಅಂದರೆ ಹೇಗೆ?

ನನಗೆ ಇದಕ್ಕಿಂತ ಜಾಸ್ತಿ ಬೇಸರ ಇರುವುದು ಇನ್ನೊಂದು ಕಡೆ. ಇವತ್ತು ಸಂಜೆ ಟೆಸ್ಟ್ ಹೇಗಾಯಿತು ಅಂತ ಕೇಳಿದೆ. ಚೆನ್ನಾಗಿ ಆಯಿತಂತೆ. ಬ್ಯಾಗಿನಲ್ಲಿ ಕನ್ನಡ ಪುಸ್ತಕವೂ ಇತ್ತು. "ನನ್ನ ಭಾನುವಾರ" ಅಂತ ಪ್ರಬಂಧ. "ನಾನು ಏಳು ಗಂಟೆಗೆ ಎದ್ದೆ. ನಾನು ಹಲ್ಲುಜ್ಜಿದೆ. ನಾನು ನೀರುದೋಸೆ ತಿಂದೆ. ನಾನು ನನ್ನ ಅಜ್ಜಿಯ ಜೊತೆ ಪಣಂಬೂರಿಗೆ ಹೋದೆ. ನಾನು ಸಮುದ್ರ ನೋಡಿದೆ." ಒಂದು ಪುಟದಲ್ಲಿ ಹನ್ನೊಂದು "ನಾನು". ಕೆಳಗೆ ಗುಡ್ ಅಂತ ಸಹಿ. ಬಾಲ ಇರುವ ಭಾಷೆಗೂ ಇಂಗ್ಲಿಷಿನ ಹಾಗೆ ಮುಂದೆ ಕೊಂಬು ಕಟ್ಟಿದ್ದಾಳೆ. ಅವಳ ತಪ್ಪಲ್ಲ, ಟಿವಿ ಜಾಹೀರಾತೂ ಈಗ ಹೀಗೇ ಮಾತಾಡುವುದು.

ಪೆನ್ಸಿಲ್ ತಗೊಂಡು ಹನ್ನೊಂದೂ "ನಾನು" ಹೊಡೆದು ಹಾಕಿದೆ. ಓದಿ ತೋರಿಸಿದೆ. "ಏಳು ಗಂಟೆಗೆ ಎದ್ದೆ. ಹಲ್ಲುಜ್ಜಿದೆ. ನೀರುದೋಸೆ ತಿಂದೆ." ಅವಳ ಮುಖ ಸಣ್ಣದಾಯಿತು.

"ಈಗ ಯಾರು ತಿಂದದ್ದು ಅಂತ ಟೀಚರಿಗೆ ಹೇಗೆ ಗೊತ್ತಾಗುವುದು?"

ಅಮ್ಮ ಒಳಗಿಂದಲೇ ಹೇಳಿದರು, "ಐದು ದೋಸೆ ತಿಂದೆ ಅಂತ ಬರಿ ಮಗಾ, ಗೊತ್ತಾಗುತ್ತದೆ."